ಗೇಣುದ್ದದ ಪೋರ್ಷೆ ಕಾರು

ನಾಲ್ಕೂವರೆ ಮೀಟರ್ ಉದ್ದದ ಪೋರ್ಷೆ 911 ಕಾರು 1:24 ಅಳತೆಯ ಮಾದರಿಯಲ್ಲಿ ಸುಮಾರು 19 ಸೆಂ.ಮೀ. ಮಾತ್ರ. ದೊಡ್ಡ ಮಕ್ಕಳು ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಇದನ್ನು ಮನೆಯಲ್ಲೇ ಜೋಡಿಸಬಹುದು.

ಬಳಿದ ಬಣ್ಣ ಸಿಪ್ಪೆಯಂತೆ ಏಳುವುದಕ್ಕೆ ಮುಖ್ಯ ಕಾರಣ ಅಚ್ಚಿನಿಂದ ಅಂಟಿದ ಜಿಡ್ಡು. ಜಿಡ್ಡಿನ ಕ್ಯಾನಿನಲ್ಲಿ ಹಾಲು ಕೆಡುವುದನ್ನು ಕಂಡ ನಮಗೆ ಇದು ಹೊಸತಲ್ಲ. ಬಿಡಿಭಾಗಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಲಿ. ಆಮೇಲೆ ಪ್ರೈಮರ್. ನಂತರ ಬಣ್ಣವನ್ನು ತೆಳುವಾಗಿ ಮೂರ್ನಾಲ್ಕು ಸಲ, ಪ್ರತಿ ಸಲ ಒಣಗಿಸಿ ಸಿಂಪಡಿಸಲಿ. ಬಾಗಿಲ ಸಂದಿನ ಗೆರೆಗೆ ನೀರಾದ ಕಪ್ಪು ಬಣ್ಣ ಹರಿಸಿದರೆ ಕಾರು ನಿಜವೆನಿಸುತ್ತದೆ. ಕೊನೆಗೆ ಹೊಳಪಿನ ವಾರ್ನಿಷ್.

ಸ್ಪ್ರೇ, ಥಿನ್ನರ್ ಕೆಲಸ ಬಯಲಲ್ಲಿ, ಮಾಸ್ಕ್ ಹಾಕಿ, ಒಲೆಯಿಂದ ದೂರ ನಡೆಯಲಿ, ಹಿರಿಯರು ಜೊತೆಗಿರಲಿ. ಕೊಟ್ಟಿಗೆಯ ಹತ್ತಿರ ಮಾತ್ರ ಬೇಡ. ಹಾಲು ವಾಸನೆಯನ್ನು ಬೇಗ ಹೀರುತ್ತದೆ; ಡೇರಿಯಲ್ಲಿ ಕ್ಯಾನು ವಾಪಸಾದರೆ ನಷ್ಟ ನಮಗೇ.