ಹಳೇ ಮನೆಗೆ ಇಂಟರ್‌ನೆಟ್ ವೈರು

ನಮ್ಮದು ಮಳವಳ್ಳಿ ಕಡೆ ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಪಡಸಾಲೆಯ ವೈಫೈ ಹಿಂದಿನ ಕೋಣೆಗೆ ಮುಟ್ಟುತ್ತಿರಲಿಲ್ಲ. ಮಗಳ ಆನ್‌ಲೈನ್ ಪರೀಕ್ಷೆ ಅರ್ಧಕ್ಕೇ ನಿಂತುಹೋಯ್ತು. ಆಮೇಲೆ ವೈರೇ ಎಳೆದೆವು.

ಮೊದಲು ಬರೀ ವೈರನ್ನು ತೊಲೆಗೆ ಕಟ್ಟಿದ್ದೆ; ತಿಂಗಳೊಳಗೆ ಇಲಿ ಕಡೀತು. ಈಗ ಪಿವಿಸಿ ಪೈಪಿನೊಳಗೆ ಹಾಕಿದ್ದೇನೆ. ಗೋಡೆ ಕೊರೆಯಲಿಲ್ಲ, ತೊಲೆ ಪಕ್ಕದ ಸಂದಿಯಲ್ಲೇ ದಾಟಿಸಿದೆ. ಕರೆಂಟ್ ವೈರಿನ ಪೈಪಿಗೆ ಇದನ್ನು ತೂರಿಸಬೇಡಿ, ಗೇಣುದ್ದ ದೂರವಿರಲಿ.

ಅಂಗಡಿಯಲ್ಲಿ 'ಕ್ಯಾಟ್ 6', ಪೂರ್ತಿ ತಾಮ್ರದ್ದೇ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ಬೇಗ ಮುರಿಯುತ್ತೆ. ಒಳಗಿನ 8 ಎಳೆಗಳ ಬಣ್ಣದ ಸಾಲು ಎರಡೂ ತುದಿಯಲ್ಲಿ ಒಂದೇ ಇರಬೇಕು. ಉದ್ದ 100 ಮೀಟರ್ ಮೀರಬಾರದು. ಪೈಪಿನಲ್ಲಿ ಒಂದು ದಾರ ಬಿಟ್ಟಿರಿ. ಮುಂದೆ ಇನ್ನೊಂದು ವೈರು ಎಳೆಯಲು ಸಲೀಸು.

ಮಗಳು ಮುಂದಿನ ಪರೀಕ್ಷೆಯನ್ನು ಪೂರ್ತಿ ಬರೆದಳು.