ಗುಡಿ ನೋಡಿ, ಕಥೆಯನ್ನೂ ಕೇಳಿ ಬನ್ನಿ

ರಾಯಚೂರು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಸುಡುವ ಬಿಸಿಲು, ಹತ್ತಿ ಮಾರುಕಟ್ಟೆ ಮತ್ತು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಶಾಲಾ ಪ್ರವಾಸದ ಮಾತು ಬಂದರೆ ಇಲ್ಲಿಯ ಮಕ್ಕಳ ಬಸ್ಸು ಹಂಪಿ, ಬಾದಾಮಿ, ಮೈಸೂರಿನತ್ತ ಹೊರಡುತ್ತದೆ. ಅದು ತಪ್ಪೇನಲ್ಲ. ಆದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲದಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಗಳನ್ನಷ್ಟೇ ಸುತ್ತಿದರೂ ಹಲವು ಭಾನುವಾರಗಳಿಗೆ ಸಾಲುವಷ್ಟು ಹಳೆಯ ಗುಡಿಗಳಿವೆ. ಒಂದೊಂದು ಗುಡಿಗೂ ಎರಡು ಚರಿತ್ರೆ. ಒಂದು ಕಲ್ಲಿನಲ್ಲಿ ಕೊರೆದದ್ದು, ಇನ್ನೊಂದು ಜನರ ಬಾಯಲ್ಲಿ ಉಳಿದದ್ದು.

ವಿಜ್ಞಾನದ ಮೇಷ್ಟರಿಗೆ ಸ್ಥಳಪುರಾಣದ ಗೊಡವೆ ಯಾಕೆ ಎಂದು ಕೆಲವು ಪಾಲಕರು ಕೇಳುವುದುಂಟು. ಮಕ್ಕಳ ಪ್ರಶ್ನೆ ಇನ್ನೂ ನೇರ: ‘ಸರ್, ಈ ಕಥಿ ಖರೇ ಏನ್ರಿ?’ ಗುಡಿಗೆ ಹೋದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದಲ್ಲಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ಕಲ್ಲು ಹೇಳುವುದು

ಮೊದಲ ಪಾಠವನ್ನು ರಾಯಚೂರು ಕೋಟೆಯಲ್ಲಿಯೇ ಕಲಿಯಬಹುದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆ ಕಟ್ಟಿದ ವಿಚಾರವನ್ನು ಹೇಳುವ ತೆಲುಗು ಶಾಸನ ಇಲ್ಲಿದೆ. ಅದನ್ನು ಕೊರೆದಿರುವ ಕಲ್ಲು ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ! ಇಷ್ಟು ದೊಡ್ಡ ಕಲ್ಲನ್ನು ದೇವತೆಗಳು ತಂದರೇ, ಭೂತಗಳು ಹೊತ್ತವೇ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಶಾಸನದ ಪಕ್ಕದಲ್ಲಿಯೇ ಶಿಲ್ಪಿಗಳು ಚಿತ್ರ ಬಿಡಿಸಿಟ್ಟಿದ್ದಾರೆ. ಕಡ್ಡಿಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ನಡುನಡುವೆ ಅವನ್ನು ಹೊಡೆಯುವ ಆಳುಗಳು, ಹಿಂದೆ ಗಾಲಿಗೆ ಸನ್ನೆಗೋಲು ಹಾಕಿ ಮೀಟುವ ಜನ. ಪಠ್ಯಪುಸ್ತಕದ ಸನ್ನೆಯ ಪಾಠ ಏಳುನೂರು ವರ್ಷಗಳ ಹಿಂದೆಯೇ ಗೋಡೆಯ ಮೇಲಿದೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಚಪ್ಪಡಿಯ ಅಗಲ, ದಪ್ಪಗಳನ್ನು ಅಂದಾಜು ಮಾಡಿ ಅದರ ತೂಕ ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಲಿ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಹಿಂದೆ ಇದಕ್ಕೆ ಗೋಪುರಗ್ರಾಮ ಎಂಬ ಹೆಸರಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ವಿದ್ಯಾಕೇಂದ್ರವೂ ಆಗಿತ್ತು. ಮಲೆಶಂಕರ, ವೆಂಕಟೇಶ್ವರ, ಬಂಗಾರ ಬಸಪ್ಪ ಎಂದು ಗುಡಿಗಳ ಸಾಲೇ ಇಲ್ಲಿದೆ; ಶಾಸನಗಳೂ ಇವೆ. ಹಳಗನ್ನಡ ಲಿಪಿ ಓದಲು ಬಾರದಿದ್ದರೂ ದಾನಶಾಸನವನ್ನು ಗುರುತಿಸುವುದು ಸುಲಭ. ಸಾಮಾನ್ಯವಾಗಿ ಅದರ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು-ಕರು ಇರುತ್ತವೆ. ಸೂರ್ಯ ಚಂದ್ರರು ಇರುವವರೆಗೂ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಕಾಲವನ್ನು ಶಕವರ್ಷದಲ್ಲಿ ಬರೆದಿರುತ್ತಾರೆ. ಅದಕ್ಕೆ 78 ಕೂಡಿಸಿದರೆ ನಮ್ಮ ಕ್ರಿಸ್ತಶಕ ಸಿಗುತ್ತದೆ.

ಜನ ಹೇಳುವುದು

ಇನ್ನು ಬಾಯಿಮಾತಿನ ಚರಿತ್ರೆ. ರಾಯಚೂರು ತಾಲ್ಲೂಕಿನ ಗಾಣಧಾಳದ ಪಂಚಮುಖಿಯಲ್ಲಿ ರಾಘವೇಂದ್ರ ಸ್ವಾಮಿಗಳು ಹನ್ನೆರಡು ವರ್ಷ ತಪಸ್ಸು ಮಾಡಿ ಐದು ಮುಖದ ಹನುಮನ ದರ್ಶನ ಪಡೆದರೆಂದು ಭಕ್ತರ ನಂಬಿಕೆ. ಸುತ್ತಲಿನ ಬಂಡೆಗಳಲ್ಲಿ ಹನುಮನ ಹಾಸಿಗೆ-ದಿಂಬುಗಳನ್ನೂ ತೋರಿಸುತ್ತಾರೆ. ಈ ಬಂಡೆಗಳು ಭೂಮಿಯ ಅತ್ಯಂತ ಹಳೆಯ ಶಿಲೆಗಳ ಸಾಲಿಗೆ ಸೇರಿದವು. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಬಿರುಕಿನಲ್ಲಿ ಇಳಿದ ನೀರು, ಹಗಲಿನ ಕಾವು, ರಾತ್ರಿಯ ತಂಪು ಸೇರಿ ಮೂಲೆಗಳನ್ನು ಬೇಗ ಸವೆಸುತ್ತವೆ. ಆದ್ದರಿಂದಲೇ ಚೌಕದ ಕಲ್ಲು ಕಾಲಾಂತರದಲ್ಲಿ ದಿಂಬಿನಂತೆ ದುಂಡಗಾಗುತ್ತದೆ. ಬಂಡೆ ಹೇಗೆ ಆಯಿತು ಎಂಬುದನ್ನು ಭೂವಿಜ್ಞಾನ ಹೇಳುತ್ತದೆ. ಜನ ಅದನ್ನು ಒಡೆದು ಜಲ್ಲಿ ಮಾಡದೆ ಯಾಕೆ ಉಳಿಸಿಕೊಂಡರು ಎಂಬುದನ್ನು ಕಥೆ ಹೇಳುತ್ತದೆ.

ಮಾನ್ವಿ ಸೀಮೆಯ ಕಲ್ಲೂರಿನದು ಮಹಾಲಕ್ಷ್ಮಿಯ ಕಥೆ. ಪ್ರತಿವರ್ಷ ಕೊಲ್ಹಾಪುರಕ್ಕೆ ಹೋಗುತ್ತಿದ್ದ ಭಕ್ತರೊಬ್ಬರಿಗೆ ಮುಪ್ಪಿನಲ್ಲಿ ಪ್ರಯಾಣ ಸಾಗದಾಯಿತಂತೆ. ಆಗ ದೇವಿಯೇ ಅವರು ಗಂಧ ತೇಯುವ ಸಾಣೆಕಲ್ಲಿನಲ್ಲಿ ಮೂಡಿ ಬಂದಳಂತೆ. ರೈಲು-ಬಸ್ಸುಗಳಿಲ್ಲದ ಕಾಲದ ಯಾತ್ರೆ ಎಷ್ಟು ಕಷ್ಟದ್ದು ಎಂಬುದು ಈ ಕಥೆಯೊಳಗಿದೆ.

ಪಂಡಿತರ ಹೊಟ್ಟೆನೋವು

ವಿದ್ಯಾರ್ಥಿಗಳು ತಪ್ಪದೆ ಕೇಳಬೇಕಾದ ಕಥೆ ಮಾನ್ವಿಯದು. ಇದೇ ಸೀಮೆಯ ಚೀಕಲಪರವಿಯವರಾದ ವಿಜಯದಾಸರು ಕನ್ನಡದಲ್ಲಿ ಪದ ಕಟ್ಟಿ ಹಾಡುತ್ತಿದ್ದರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅವರಿಗೆ ಕನ್ನಡದ ಹಾಡುಗಾರರೆಂದರೆ ತಾತ್ಸಾರ. ದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರು. ನೆಪದ ನೋವು ನಿಜವಾಯಿತು, ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ವಿಜಯದಾಸರಲ್ಲಿಗೇ ಬಂದು ಕ್ಷಮೆ ಕೇಳಿದರು. ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು, ಅದರೊಂದಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನೂ ಧಾರೆಯೆರೆದರು. ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದ ಪಂಡಿತರು ‘ಜಗನ್ನಾಥವಿಠಲ’ ಎಂಬ ಅಂಕಿತ ಪಡೆದು ಜಗನ್ನಾಥದಾಸರಾದರು. ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಕನ್ನಡವನ್ನು ಹೀಗಳೆದವರಿಂದಲೇ ಕನ್ನಡಕ್ಕೆ ಅಂಥ ಕೃತಿ ಬಂತು. ಮಾನ್ವಿಯಲ್ಲಿ ಅವರು ಬಾಳಿದ ಮನೆ ಈಗ ಗುಡಿ. ಅಲ್ಲಿಯ ಕಂಬದಲ್ಲಿ ದಾಸರ ಸನ್ನಿಧಾನವಿದೆ ಎಂದು ಭಕ್ತರು ನಂಬುತ್ತಾರೆ.

ಇದು ಖರೇ ಏನು? ಆಯುಷ್ಯವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಬರುತ್ತದೆಂದು ಜೀವಶಾಸ್ತ್ರ ಒಪ್ಪುವುದಿಲ್ಲ. ಹೊಟ್ಟೆ ನೋವಾದರೆ ವೈದ್ಯರ ಬಳಿಗೇ ಹೋಗಬೇಕು. ಆದರೆ ದಾಖಲೆಯಾದ ಇಸವಿಗಳನ್ನು ನೋಡಿ: ಗೋಪಾಲದಾಸರು ಐವತ್ತು ತುಂಬುವ ಮೊದಲೇ ತೀರಿಕೊಂಡರು. ಜಗನ್ನಾಥದಾಸರು (1728–1809) ಎಂಬತ್ತು ದಾಟಿದರು. ಗುರು ಬೇಗ ಹೋದದ್ದು, ಶಿಷ್ಯ ಬಹುಕಾಲ ಬಾಳಿದ್ದು ಇತಿಹಾಸ. ಅದನ್ನು ಕೊಡುಗೆ ಎಂದು ಕಂಡದ್ದು ಜನರ ಮನಸ್ಸು. ‘ನನಗೆಲ್ಲ ಗೊತ್ತು’ ಎನ್ನುವ ಜಾಣನಿಗೆ ಆ ಮನಸ್ಸು ಹೇಳಿದ ಬುದ್ಧಿಮಾತು ಇಂದಿಗೂ ಹಳೆಯದಾಗಿಲ್ಲ. ವಿಜ್ಞಾನ ಓದಿದೆನೆಂದು ಅಜ್ಜಿಯ ಕಥೆಗೆ ನಗುವ ಹುಡುಗನೂ ಅದನ್ನು ಕೇಳಿಸಿಕೊಳ್ಳಬೇಕು.

ಹೊರಡುವ ಮುನ್ನ

ಮಕ್ಕಳ ನೋಟ್‌ಬುಕ್ಕಿನ ಪುಟದಲ್ಲಿ ಮೂರು ಅಂಕಣ ಗೀಚಿಸಿ: ಕಲ್ಲು ಹೇಳಿದ್ದು, ಜನ ಹೇಳಿದ್ದು, ನಾನು ಕಂಡದ್ದು. ಒಂದನ್ನು ಇನ್ನೊಂದಕ್ಕೆ ಬೆರೆಸಬಾರದು, ಯಾವುದನ್ನೂ ಬಿಡಬಾರದು. ಪೂಜಾರಿಯನ್ನಷ್ಟೇ ಅಲ್ಲ, ಕಟ್ಟೆಯ ಮೇಲೆ ಕುಳಿತ ಮುತ್ಯಾನನ್ನೂ ನೀರು ತರುವ ಆಯಿಯನ್ನೂ ಕೇಳಿ. ಒಂದೇ ಕಥೆ ಎರಡು ಬಗೆಯಾಗಿ ಸಿಕ್ಕರೆ ಎರಡನ್ನೂ ಬರೆದುಕೊಳ್ಳಿ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ನೆರಳು ಬಿಟ್ಟು ಎದ್ದು ಕಾಣುತ್ತವೆ. ಫೋಟೊ ಆಗಲೇ ತೆಗೆಯಿರಿ. ಬೇಸಿಗೆ ಬಿಟ್ಟು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋದರೆ ಸುಖ.

ಪಾಲಕರಲ್ಲಿ ಒಂದು ಮಾತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿದರೆ, ಶಾಸನದ ಕಲ್ಲನ್ನು ಪಾಯಕ್ಕೆ ಹಾಕಿದರೆ ಒಂದು ಊರಿನ ಚರಿತ್ರೆಯೇ ಅಳಿಯುತ್ತದೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಕಂಡ ಬಂಡೆಯ ಬರಹದಿಂದಲ್ಲವೇ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು? ಕಲ್ಲಿಗಿಂತ ಬೇಗ ಅಳಿಯುವುದು ಬಾಯಿಮಾತು. ಕಥೆ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮುಂದಿನ ಭಾನುವಾರ ಅವರನ್ನೂ ಗುಡಿಗೆ ಕರೆದುಕೊಂಡು ಹೋಗಿ, ಮಕ್ಕಳ ಪಕ್ಕದಲ್ಲಿ ಕೂರಿಸಿ.