ದಶಮಂಟಪದ ಬೆಳಕು: ಕೊಡಗಿನ ಹವೆಗೆ ಒಗ್ಗುವ ಮೂವಿಂಗ್ ಹೆಡ್

ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಗಳಲ್ಲಿ ಸಾಗುವ ದಶಮಂಟಪಗಳು, ಅಂದರೆ ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋಟೆ ಮಾರಿಯಮ್ಮ, ಕರವಲೆ ಭಗವತಿ ಮೊದಲಾದ ಹತ್ತು ದೇವಾಲಯಗಳ ಸಮಿತಿಗಳು ಟ್ರ್ಯಾಕ್ಟರುಗಳ ಮೇಲೆ ಸಜ್ಜುಗೊಳಿಸುವ ಪೌರಾಣಿಕ ದೃಶ್ಯಗಳು, ಸಂಚಾರಿ ಧ್ವನಿ ಮತ್ತು ಬೆಳಕಿನ ಉಪಕರಣಗಳಿಗೆ ಕಠಿಣ ಪರೀಕ್ಷೆಯನ್ನೇ ಒಡ್ಡುತ್ತವೆ. ರಸ್ತೆ ಏರಿಳಿತದ್ದು, ವಿದ್ಯುತ್ತು ಜನರೇಟರಿನದು, ಹವೆ ಮಂಜಿನದು ಅಥವಾ ಮಳೆಯದು. ಇವುಗಳ ನಡುವೆ ಬೆಳಗಿನ ಜಾವದವರೆಗೂ ದೀಪಗಳು ತಪ್ಪದೆ ಕೆಲಸ ಮಾಡಬೇಕು. ಗೋಣಿಕೊಪ್ಪಲಿನ ದಸರಾಕ್ಕೂ, ಕೊಡವ ಸಮಾಜಗಳ ಮದುವೆಗಳಿಗೂ, ತೋಟಗಳ ನಡುವಿನ ಹೋಂಸ್ಟೇಗಳಿಗೂ ಪಿಕಪ್ ವಾಹನದಲ್ಲಿ ಸಾಮಗ್ರಿ ಸಾಗಿಸುವ ಡಿಜೆಗಳು ಮೂವಿಂಗ್ ಹೆಡ್ ದೀಪಗಳನ್ನು ಕೊಳ್ಳುವಾಗ ವ್ಯಾಟ್ ಸಂಖ್ಯೆಗಿಂತ ಮೊದಲು ನೋಡಬೇಕಾದದ್ದು ಕೊಡಗಿನ ಹವೆ, ರಸ್ತೆ ಮತ್ತು ವಿದ್ಯುತ್ತನ್ನು.

ಮೂವಿಂಗ್ ಹೆಡ್ ಎಂದರೆ ಮೋಟಾರುಗಳ ನೆರವಿನಿಂದ ಅಡ್ಡಡ್ಡಲಾಗಿಯೂ ಮೇಲೆ ಕೆಳಗೂ ತಿರುಗಿ, ತನ್ನೊಳಗಿನ ಬಣ್ಣದ ಚಕ್ರ, ಆಕೃತಿ ಕೊರೆದ ಗೋಬೊ ಬಿಲ್ಲೆ ಮತ್ತು ಪ್ರಿಸಂಗಳ ಮೂಲಕ ಬೆಳಕಿನ ರೂಪವನ್ನು ಬದಲಿಸಬಲ್ಲ ದೀಪ. 1981ರಲ್ಲಿ ಜೆನೆಸಿಸ್ ಎಂಬ ಬ್ರಿಟಿಷ್ ರಾಕ್ ತಂಡದ ಪ್ರವಾಸದಲ್ಲಿ ಅಮೆರಿಕದ ವ್ಯಾರಿ-ಲೈಟ್ ದೀಪಗಳು ಬಳಕೆಗೆ ಬಂದಂದಿನಿಂದ ಈ ಬಗೆಯ ದೀಪಗಳ ಯುಗ ಆರಂಭವಾಯಿತು. ಇಟಲಿಯ ಕ್ಲೇ ಪಾಕಿ ಸಂಸ್ಥೆ 2010ರ ಸುಮಾರಿಗೆ ಹೊರತಂದ ಶಾರ್ಪಿ, ಕೇವಲ 189 ವ್ಯಾಟಿನ ಬಲ್ಬಿನಿಂದ ಕೋಲಿನಂತಹ ತೀಕ್ಷ್ಣ ಕಿರಣವನ್ನು ಹೊಮ್ಮಿಸಿ ಎಷ್ಟು ಜನಪ್ರಿಯವಾಯಿತೆಂದರೆ, ಇಂದು ಯಾವ ಕಂಪನಿಯ ಬೀಮ್ ದೀಪವನ್ನಾದರೂ ಬಾಡಿಗೆದಾರರು ಶಾರ್ಪಿ ಎಂದೇ ಕರೆಯುತ್ತಾರೆ.

ಬೀಮ್, ಸ್ಪಾಟ್, ವಾಷ್ ಎಂಬ ಮೂರು ಬಗೆಗಳ ಭೇದವಿರುವುದು ಕಿರಣದ ಅಗಲದಲ್ಲಿ. ನಾಲ್ಕು ಡಿಗ್ರಿಯ ಬೀಮ್ ಇಪ್ಪತ್ತು ಮೀಟರ್ ದೂರದಲ್ಲಿಯೂ ಸುಮಾರು ಒಂದೂವರೆ ಮೀಟರಿನಷ್ಟೇ ಹರಡುತ್ತದೆ. ನಲವತ್ತು ಡಿಗ್ರಿಯ ವಾಷ್ ಐದೇ ಮೀಟರಿನಲ್ಲಿ ಮೂರೂವರೆ ಮೀಟರಿಗೂ ಹೆಚ್ಚು ಅಗಲವನ್ನು ಬಣ್ಣದಿಂದ ತುಂಬುತ್ತದೆ. ಗೋಬೊದ ಆಕೃತಿಯನ್ನು ಗೋಡೆಯ ಮೇಲೆ ಸ್ಫುಟವಾಗಿ ಮೂಡಿಸುವುದು ಸ್ಪಾಟಿನ ಕೆಲಸ. ಛಾವಣಿ ತಗ್ಗಾಗಿರುವ ಮದುವೆ ಮಂಟಪದಲ್ಲಿ ಬೀಮ್ ತನ್ನ ಉದ್ದವನ್ನು ತೋರಲಾರದೆ ನೆಂಟರ ಕಣ್ಣಿಗೆ ಚುಚ್ಚುವುದರಿಂದ, ಅಲ್ಲಿ ವಾಲಗಕ್ಕೆ ಹೆಜ್ಜೆ ಹಾಕುವ ಜಾಗಕ್ಕೆ ನಾಲ್ಕು ಎಲ್‌ಇಡಿ ವಾಷ್‌ಗಳು ಎಂಟು ಶಾರ್ಪಿಗಳಿಗಿಂತ ಹೆಚ್ಚು ಉಪಕಾರಿ.

ದಶಮಂಟಪದಲ್ಲಿ ವಿಷಯ ಬೇರೆ. ಶುಭ್ರವಾದ ಗಾಳಿಯಲ್ಲಿ ಬೆಳಕಿನ ಕಿರಣ ಪಕ್ಕದಿಂದ ನೋಡುವವರಿಗೆ ಕಾಣುವುದೇ ಇಲ್ಲ; ಗಾಳಿಯಲ್ಲಿ ತೇಲುವ ಕಣಗಳು ಅದನ್ನು ಚದುರಿಸಿದಾಗ ಮಾತ್ರ ಕಾಣುತ್ತದೆ, ಬೇರೆ ಊರುಗಳಲ್ಲಿ ಸ್ಮೋಕ್ ಮೆಷಿನ್ ಬೇಕಾಗುವುದು ಇದಕ್ಕಾಗಿಯೇ. ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅಕ್ಟೋಬರಿನ ಮಂಜು ಈ ಕೆಲಸವನ್ನು ತಾನಾಗಿಯೇ ಮಾಡಿಕೊಡುತ್ತದೆ. ಆದರೆ ಅದೇ ಮಂಜು ದಟ್ಟವಾದರೆ ಗೋಬೊದ ಆಕೃತಿಗಳು ಮಸುಕಾಗಿ, ಸ್ಪಾಟ್ ದೀಪಗಳು ನಿಷ್ಪ್ರಯೋಜಕವಾಗುತ್ತವೆ. ಕಿರಿದಾದ ಬೀಮ್ ಮಾತ್ರ ಅದನ್ನು ಸ್ವಲ್ಪ ದೂರ ಸೀಳಿಕೊಂಡು ಹೋಗಬಲ್ಲದು. ಮಂಟಪಗಳಿಗೆ ಬೀಮ್ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಸಲ್ಲದಿರುವುದು ಅದನ್ನು ಎಲ್ಲ ದಿಕ್ಕಿಗೂ ಬೀಸುತ್ತಲೇ ಇರುವ ಅಭ್ಯಾಸ. ಮಂಟಪದ ಜೀವ ಕಥೆಯಲ್ಲಿದೆ. ಅಸುರನ ಶಿರ ಉರುಳುವ ಕ್ಷಣದಲ್ಲಿ ಕಿರಣಗಳೆಲ್ಲ ದೇವಿಯ ಮೂರ್ತಿಯ ಹಿಂದಿನಿಂದ ಒಮ್ಮೆಲೇ ಏಳುವುದಕ್ಕಾಗಿ ಅದುವರೆಗೆ ಅವು ಆರಿರಬೇಕು. ತಿಂಗಳುಗಟ್ಟಲೆ ದುಡಿದ ಕಲಾವಿದರ ಮೂರ್ತಿಗಳನ್ನು ಬಿಟ್ಟು ಜನರ ಮುಖಕ್ಕೆ ಬೆಳಕು ಹೊಡೆಯುವ ಆಪರೇಟರ್ ಅವರ ಶ್ರಮವನ್ನೇ ಮರೆಮಾಡುತ್ತಾನೆ.

ಬೀಮಿನ ಶಾಖವನ್ನೂ ಮರೆಯಬಾರದು. ಥರ್ಮೊಕೋಲ್, ಬಟ್ಟೆ, ಫೈಬರ್‌ಗಳಿಂದ ಆದ ಮೂರ್ತಿಗಳ ಮೇಲೆ ಹತ್ತಿರದಿಂದ ಕಿರಣ ನಿಂತರೆ ವಸ್ತು ಕರಗಬಹುದು, ಹೊತ್ತಿಕೊಳ್ಳಲೂಬಹುದು. ಬೆಳಕು ಬೀಳುವ ವಸ್ತುವಿಗೂ ದೀಪಕ್ಕೂ ಕನಿಷ್ಠ ಎಷ್ಟು ಮೀಟರ್ ಅಂತರವಿರಬೇಕೆಂಬುದನ್ನು ಒಳ್ಳೆಯ ತಯಾರಕರು ದೀಪದ ಮೈಮೇಲೆಯೇ ಮುದ್ರಿಸಿರುತ್ತಾರೆ. ಆ ಸೂಚನೆ ಇಲ್ಲದ ದೀಪವನ್ನು ಕೊಳ್ಳದಿರುವುದೇ ಲೇಸು.

ಬೆಳಕಿನ ಮೂಲ ಡಿಸ್ಚಾರ್ಜ್ ಬಲ್ಬೋ ಎಲ್‌ಇಡಿಯೋ ಎಂಬ ಪ್ರಶ್ನೆಗೆ ಕೊಡಗಿನಲ್ಲಿ ಉತ್ತರ ಕೊಡುವುದು ಜನರೇಟರ್. ಅನಿಲ ತುಂಬಿದ ಡಿಸ್ಚಾರ್ಜ್ ಬಲ್ಬು ಅದೇ ಬೆಲೆಯಲ್ಲಿ ಹೆಚ್ಚು ತೀಕ್ಷ್ಣವಾದ ಕಿರಣವನ್ನು ಕೊಡುತ್ತದೆ ನಿಜ; ಆದರೆ ವಿದ್ಯುತ್ತು ಒಂದು ಕ್ಷಣ ಕೈಕೊಟ್ಟರೂ ಆರಿಹೋಗಿ, ತಣ್ಣಗಾಗುವವರೆಗೆ ಕೆಲವು ನಿಮಿಷ ಮತ್ತೆ ಹೊತ್ತುವುದಿಲ್ಲ, ಅಷ್ಟರಲ್ಲಿ ಮಂಟಪಗಳಿಗೆ ಬಹುಮಾನ ನಿರ್ಧರಿಸುವ ತೀರ್ಪುಗಾರರ ಎದುರಿನ ಪ್ರದರ್ಶನವೇ ಮುಗಿದಿರುತ್ತದೆ. ಅದರ ಆಯುಷ್ಯವೂ ಒಂದೂವರೆ ಎರಡು ಸಾವಿರ ಗಂಟೆಗಳಷ್ಟೇ. ಎಲ್‌ಇಡಿ ದೀಪ ತನ್ನ ಮೋಟಾರುಗಳನ್ನು ಸರಿಹೊಂದಿಸಿಕೊಂಡ ಕೂಡಲೇ ಮರಳಿ ಬೆಳಗುತ್ತದೆ, ಕಡಿಮೆ ವಿದ್ಯುತ್ತಿನಲ್ಲಿಯೇ ಕೆಲಸ ಮಾಡುತ್ತದೆ. ಹತ್ತು ಕೆವಿಎ ಜನರೇಟರಿನಿಂದ ವಾಸ್ತವವಾಗಿ ಸಿಗುವುದು ಸುಮಾರು ಎಂಟು ಕಿಲೋವ್ಯಾಟ್. ತಲಾ 350 ವ್ಯಾಟ್ ಎಳೆಯುವ ಎಂಟು ಬೀಮ್‌ಗಳೇ ಅದರಲ್ಲಿ 2.8 ಕಿಲೋವ್ಯಾಟ್ ನುಂಗಿದರೆ, ಧ್ವನಿವರ್ಧಕಗಳಿಗೂ ಮೂರ್ತಿಗಳು ಚಲಿಸುವಂತೆ ಮಾಡುವ ಮೋಟಾರುಗಳಿಗೂ ಉಳಿಯುವುದೆಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಮಳೆಗೆ ಸಂಬಂಧಿಸಿದ ಗುರುತು ಐಪಿ ಸಂಖ್ಯೆ. ಅದರ ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಹೇಳುತ್ತದೆ. ಐಪಿ20 ಎಂದಿದ್ದರೆ ನೀರಿನ ರಕ್ಷಣೆ ಏನೇನೂ ಇಲ್ಲ, ಐಪಿ65 ಎಂದಿದ್ದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನೂ ತಡೆಯುತ್ತದೆ. ಐಪಿ65 ದೀಪಗಳು ತೂಕದಲ್ಲಿಯೂ ಬೆಲೆಯಲ್ಲಿಯೂ ಹೆಚ್ಚಿನವಾದ್ದರಿಂದ ಅನೇಕರು ಐಪಿ20 ದೀಪಕ್ಕೆ ಪ್ಲಾಸ್ಟಿಕ್ ಹೊದಿಸಿ ಕಾಲ ತಳ್ಳುತ್ತಾರೆ. ಆದರೆ ಆ ಹೊದಿಕೆ ಫ್ಯಾನಿನ ಗಾಳಿಯನ್ನೇ ತಡೆದು ದೀಪವನ್ನು ಒಳಗಿನಿಂದ ಸುಡುತ್ತದೆ. ದಸರಾಕ್ಕಾಗಿಯೇ ಬಂಡವಾಳ ಹೂಡುವವರು ಎಂಟು ಸಾಧಾರಣ ದೀಪಗಳ ಬದಲು ನಾಲ್ಕು ಐಪಿ65 ದೀಪಗಳನ್ನು ಕೊಳ್ಳುವುದು ವಿವೇಕ.

ದೀಪಗಳಿಗೆ ಆಜ್ಞೆ ಒಯ್ಯುವ ಡಿಎಂಎಕ್ಸ್ 1986ರಲ್ಲಿ ರೂಪುಗೊಂಡ ಸಂಕೇತ ಪದ್ಧತಿ. ಒಂದು ತಂತಿಯಲ್ಲಿ 512 ಚಾನೆಲ್‌ಗಳಿದ್ದು, ಒಂದೊಂದು ದೀಪ 16 ಚಾನೆಲ್ ಬಳಸಿದರೆ 32 ದೀಪಗಳಿಗೆ ಸಾಕಾಗುತ್ತದೆ. ಮೈಕಿನ ಕೇಬಲನ್ನೇ ಇದಕ್ಕೂ ಜೋಡಿಸಿ, ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ ಹಾಕದೆ ಬಿಟ್ಟಾಗ ದೀಪಗಳು ತಾವಾಗಿಯೇ ಅದುರತೊಡಗುತ್ತವೆ; ದೀಪ ಕೆಟ್ಟಿದೆಯೆಂದು ದೂರುವ ಮೊದಲು ಕೇಬಲನ್ನು ಪರೀಕ್ಷಿಸಬೇಕು. ಟ್ರ್ಯಾಕ್ಟರಿನ ಕುಲುಕಾಟಕ್ಕೆ ದೀಪದ ಬೆಲ್ಟು, ಪ್ರಿಸಂಗಳಷ್ಟೇ ಅಲ್ಲದೆ ಅದನ್ನು ಹಿಡಿದಿರುವ ಕ್ಲಾಂಪೂ ಸಡಿಲಗೊಳ್ಳಬಹುದಾದ್ದರಿಂದ, ಪ್ರತಿ ದೀಪವನ್ನೂ ಕ್ಲಾಂಪಿನ ಜೊತೆಗೆ ಉಕ್ಕಿನ ಸುರಕ್ಷಾ ತಂತಿಯಿಂದ ಟ್ರಸ್ಸಿಗೆ, ಅಂದರೆ ದೀಪ ತೂಗುವ ಲೋಹದ ಚೌಕಟ್ಟಿಗೆ, ಬಿಗಿಯುವುದು ಕಡ್ಡಾಯವೆಂದೇ ತಿಳಿಯಬೇಕು. ತೋಟದ ಹೋಂಸ್ಟೇಗಳಲ್ಲಿ ಬೀಮನ್ನು ಆಕಾಶಕ್ಕೋ ಕಾಡಿನ ಅಂಚಿಗೋ ಎಸೆಯಬಾರದು. ಅದು ರಾತ್ರಿ ಹಾರುವ ಹಕ್ಕಿ, ಪತಂಗಗಳ ದಿಕ್ಕು ತಪ್ಪಿಸುತ್ತದೆ.

ಕೊಡಗಿನಲ್ಲಿ ದೀಪಗಳನ್ನು ಬಳಸುವಾಗಿನಷ್ಟೇ ಎಚ್ಚರ ಅವುಗಳನ್ನು ಸುಮ್ಮನೆ ಇಟ್ಟಿರುವಾಗಲೂ ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋದಾಮಿನ ತೇವಕ್ಕೆ ಲೆನ್ಸುಗಳ ಮೇಲೆ ಬೂಷ್ಟು ಹಿಡಿದು, ಸರ್ಕ್ಯೂಟ್ ಬೋರ್ಡುಗಳು ಕಿಲುಬುಗಟ್ಟುತ್ತವೆ. ಒದ್ದೆಯಾದ ದೀಪವನ್ನು ಪೂರ್ತಿ ಒಣಗಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹಚ್ಚಿ ತಲೆ ತಿರುಗಿಸಿ ನೋಡಿದರೆ, ದಸರಾದ ಹಿಂದಿನ ದಿನ ಬಿಡಿಭಾಗಗಳಿಗಾಗಿ ಮೈಸೂರಿಗೋ ಬೆಂಗಳೂರಿಗೋ ಓಡುವುದು ತಪ್ಪುತ್ತದೆ.